ಊರಿನಲ್ಲಿ ಜಮೀನು, ಹೊರರಾಜ್ಯದಲ್ಲಿ ವಾಸ: ಬೆಳೆ ರಕ್ಷಣೆಯ ಬಂದೂಕನ್ನು ಕಾನೂನುಬದ್ಧವಾಗಿ ಪಡೆಯುವ ಕ್ರಮ

ಬಂಡೂರು ಕುರಿಯ ತವರಾದ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಇಂದು ಅನೇಕ ರೈತ ಕುಟುಂಬಗಳು ಎರಡು ಊರುಗಳಲ್ಲಿ ಬಾಳುತ್ತಿವೆ. ತಂದೆ-ತಾಯಿ ಹಾಗೂ ಜಮೀನು ಹಳ್ಳಿಯಲ್ಲಿದ್ದರೆ, ಮಗ ಅಥವಾ ಮಗಳು ಉದ್ಯೋಗಕ್ಕಾಗಿ ಬೆಂಗಳೂರು, ಹೊಸೂರು, ಸೇಲಂ ಅಥವಾ ಕೊಯಮತ್ತೂರಿನಲ್ಲಿ ನೆಲೆಸಿರುತ್ತಾರೆ. ವಾರಕ್ಕೊಮ್ಮೆಯೋ ಸುಗ್ಗಿಯ ಕಾಲದಲ್ಲೋ ಊರಿಗೆ ಬಂದು ಬೇಸಾಯ ನೋಡಿಕೊಳ್ಳುತ್ತಾರೆ. ಇದೇ ವೇಳೆ ಕಬ್ಬಿನ ಗದ್ದೆಗೆ ಕಾಡುಹಂದಿ ನುಗ್ಗುವುದು, ಕುರಿಹಟ್ಟಿಗೆ ಚಿರತೆ ಬರುವುದು, ಹಲಗೂರು-ಮುತ್ತತ್ತಿ ಭಾಗದಲ್ಲಿ ಆನೆಗಳು ಹೊಲಕ್ಕಿಳಿಯುವುದು ರೈತರನ್ನು ಕಂಗೆಡಿಸಿದೆ. ಇಂಥ ಸಂದರ್ಭದಲ್ಲಿ "ಒಂದು ಬಂದೂಕು ಇದ್ದರೆ ಒಳ್ಳೆಯದಲ್ಲವೇ? ನಾನು ಇರುವುದು ಹೊರರಾಜ್ಯದಲ್ಲಿ. ಪರವಾನಗಿಗೆ ಎಲ್ಲಿ ಅರ್ಜಿ ಹಾಕಬೇಕು? ಅಲ್ಲಿ ಕೊಂಡ ಬಂದೂಕನ್ನು ಊರಿಗೆ ತರಬಹುದೇ?" ಎಂಬ ಪ್ರಶ್ನೆಗಳು ಸಹಜವಾಗಿ ಏಳುತ್ತವೆ.

ಈ ಲೇಖನದಲ್ಲಿ ಆ ಪ್ರಶ್ನೆಗಳಿಗೆ ಉತ್ತರ ನೀಡಲಾಗಿದೆ. ಆರಂಭದಲ್ಲಿಯೇ ಒಂದು ಮಾತನ್ನು ಮನದಟ್ಟು ಮಾಡಿಕೊಳ್ಳುವುದು ಅಗತ್ಯ. ಬಂದೂಕಿನ ಪರವಾನಗಿಯು ಮನೆಗೆ ಅಥವಾ ಜಮೀನಿಗೆ ಸಿಗುವ ಹಕ್ಕಲ್ಲ. ಅದು ಒಬ್ಬ ನಿರ್ದಿಷ್ಟ ವ್ಯಕ್ತಿಗೆ, ನಿರ್ದಿಷ್ಟ ವಿಳಾಸದ ಮೇಲೆ, ನಿರ್ದಿಷ್ಟ ವ್ಯಾಪ್ತಿಗೆ ದೊರೆಯುವ ಅನುಮತಿ. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ, ಹಣ ಕೊಟ್ಟು ರಸೀದಿ ಪಡೆದು ಕೊಂಡ ಬಂದೂಕೇ ಅಕ್ರಮ ಆಯುಧವಾಗಿ ಪರಿಣಮಿಸಬಹುದು. ಎರಡು ಊರುಗಳಲ್ಲಿ ಬಾಳುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಅನ್ವಯವಾಗುವ ಕಾನೂನುಗಳು

ಬಂದೂಕಿನ ಖರೀದಿ, ಸ್ವಾಧೀನ ಮತ್ತು ಸಾಗಣೆಗೆ ಆಯುಧ ಕಾಯ್ದೆ, 1959 ಹಾಗೂ ಆಯುಧ ನಿಯಮಗಳು, 2016 ಅನ್ವಯಿಸುತ್ತವೆ. ಇವು ಕೇಂದ್ರದ ಕಾನೂನುಗಳಾದುದರಿಂದ ಕರ್ನಾಟಕಕ್ಕೊಂದು, ತಮಿಳುನಾಡಿಗೊಂದು ಎಂಬ ಭೇದವಿಲ್ಲ. ಆದರೆ ಪರವಾನಗಿ ನೀಡುವ ಪ್ರಾಧಿಕಾರ ಮತ್ತು ಪರವಾನಗಿ ಊರ್ಜಿತವಾಗಿರುವ ವ್ಯಾಪ್ತಿ ಸ್ಥಳದಿಂದ ಸ್ಥಳಕ್ಕೆ ಬೇರೆಯಾಗುತ್ತವೆ. ಮಂಡ್ಯ ಜಿಲ್ಲೆಯಲ್ಲಿ ಜಿಲ್ಲಾ ದಂಡಾಧಿಕಾರಿಗಳೂ ಆಗಿರುವ ಜಿಲ್ಲಾಧಿಕಾರಿಗಳು ಪರವಾನಗಿ ಪ್ರಾಧಿಕಾರ. ಬೆಂಗಳೂರು, ಮೈಸೂರು ನಗರಗಳಲ್ಲಿ ಈ ಅಧಿಕಾರ ಪೊಲೀಸ್ ಆಯುಕ್ತರಿಗಿದೆ. ಹೊಸೂರು ಕೃಷ್ಣಗಿರಿ ಜಿಲ್ಲೆಗೆ ಸೇರಿರುವುದರಿಂದ ಅಲ್ಲಿಯ ವಾಸಿಗಳ ಅರ್ಜಿ ಆ ಜಿಲ್ಲೆಯ ಆಡಳಿತಕ್ಕೆ ಹೋಗುತ್ತದೆ.

ಬಂದೂಕನ್ನು ಯಾವ ಪ್ರಾಣಿಯ ಮೇಲೆ, ಯಾವಾಗ ಬಳಸಬಹುದು ಎಂಬುದನ್ನು ಇನ್ನೊಂದು ಕಾನೂನು ನಿರ್ಧರಿಸುತ್ತದೆ. ಅದು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972. ಬಂದೂಕಿನ ಪರವಾನಗಿ ಎಂದರೆ ಬೇಟೆಯ ಪರವಾನಗಿ ಅಲ್ಲ. ಇವೆರಡನ್ನೂ ಒಂದೆಂದು ತಿಳಿಯುವುದರಿಂದಲೇ ರೈತರು ಆರೋಪಿಗಳಾಗಿ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ.

ಯಾವ ಬಂದೂಕಿಗೆ ಪರವಾನಗಿ ದೊರೆಯುತ್ತದೆ?

ಕಾಯ್ದೆಯ 13ನೇ ಪ್ರಕರಣವು ನೈಜ ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಹೆಸರಿಸುತ್ತದೆ. ಅಂಥ ಬಂದೂಕು ಬೆಳೆ ಕಾಯಲು ಸಾಲದೆಂದು ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ತೋಟಾ ಬಳಸುವ ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯಂತಹ ನಯನಳಿಗೆಯ ಬೇರೆ ಬಂದೂಕಿಗೂ ಪರವಾನಗಿ ನೀಡಬಹುದು. ಆತ್ಮರಕ್ಷಣೆಗಾಗಿ ಕೇಳುವ ನಯನಳಿಗೆಯ ಬಂದೂಕಿನ ನಳಿಗೆ ಕನಿಷ್ಠ 20 ಅಂಗುಲ ಉದ್ದವಿರಬೇಕು.

ಪರವಾನಗಿಗಳಲ್ಲಿ ಎರಡು ನಮೂನೆಗಳು ರೈತರಿಗೆ ಸಂಬಂಧಿಸಿವೆ. ಸಾಮಾನ್ಯ ರಕ್ಷಣೆಗಾಗಿ ನೀಡುವುದು ನಮೂನೆ 3. ಬೆಳೆ ಹಾಗೂ ಜಾನುವಾರುಗಳಿಗೆ ಹಾನಿ ಮಾಡುವ ಕಾಡುಪ್ರಾಣಿಗಳಿಂದ ರಕ್ಷಣೆಗಾಗಿ ನೀಡುವುದು ನಮೂನೆ 4. ಎರಡನೆಯದು ನಮೂದಿತ ಪ್ರದೇಶಕ್ಕೆ ಸೀಮಿತವಾದುದು. ಬಂಡೂರಿನ ಜಮೀನಿಗೆಂದು ಪಡೆದ ಬೆಳೆ ರಕ್ಷಣಾ ಬಂದೂಕನ್ನು ಹೊಸೂರಿನ ಬಾಡಿಗೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಗರಿಷ್ಠ ಎರಡು ಬಂದೂಕುಗಳನ್ನು ಮಾತ್ರ ಹೊಂದಬಹುದು. ಹಿಂದೆ ಈ ಮಿತಿ ಮೂರು ಆಗಿತ್ತು. ಈ ಮಿತಿ ಇಡೀ ದೇಶಕ್ಕೆ ಒಟ್ಟಾರೆಯಾಗಿ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಎರಡು, ತಮಿಳುನಾಡಿನಲ್ಲಿ ಎರಡು ಎಂದು ಲೆಕ್ಕ ಹಾಕುವಂತಿಲ್ಲ. ಪ್ರತಿ ಪರವಾನಗಿದಾರರಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇರುತ್ತದೆ. ಆದ್ದರಿಂದ ಒಂದು ರಾಜ್ಯದಲ್ಲಿರುವ ಪರವಾನಗಿಯನ್ನು ಮರೆಮಾಚಿ ಇನ್ನೊಂದರಲ್ಲಿ ಅರ್ಜಿ ಹಾಕಿದರೆ ಅದು ಬಯಲಾಗುತ್ತದೆ.

ಎರಡು ಊರಿನ ವಾಸಿಗಳು ಎಲ್ಲಿ ಅರ್ಜಿ ಸಲ್ಲಿಸಬೇಕು?

ಅರ್ಜಿದಾರರು ಸಾಮಾನ್ಯವಾಗಿ ವಾಸಿಸುವ ಅಥವಾ ತಮ್ಮ ಉದ್ಯೋಗ ನಡೆಸುವ ಸ್ಥಳದ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು ಎಂಬುದು ಮೂಲ ತತ್ವ. "ಉದ್ಯೋಗ ನಡೆಸುವ ಸ್ಥಳ" ಎಂಬ ಮಾತು ರೈತರಿಗೆ ಮಹತ್ವದ್ದು. ಏಕೆಂದರೆ ಬೇಸಾಯವೂ ಉದ್ಯೋಗವೇ. ಇದನ್ನು ಮೂರು ಸಂದರ್ಭಗಳಲ್ಲಿ ನೋಡೋಣ.

1. ವಾಸ ಹಳ್ಳಿಯಲ್ಲಿ, ಹೋಗಿಬರುವುದು ಹೊರರಾಜ್ಯಕ್ಕೆ. ಬಂಡೂರಿನಲ್ಲಿ ಮನೆ-ಜಮೀನು ಹೊಂದಿ, ಮಕ್ಕಳನ್ನು ನೋಡಲು ವರ್ಷದಲ್ಲಿ ಕೆಲವು ವಾರ ಹೊಸೂರಿಗೆ ಹೋಗುವವರು ಮಂಡ್ಯದಲ್ಲಿಯೇ ಅರ್ಜಿ ಸಲ್ಲಿಸಬೇಕು. ಪ್ರಯಾಣದ ವೇಳೆ ಬಂದೂಕು ಊರಿನಲ್ಲಿ ಭದ್ರವಾಗಿರಬೇಕು.

2. ವಾಸ ಹೊರರಾಜ್ಯದಲ್ಲಿ, ಬೇಸಾಯ ಹಳ್ಳಿಯಲ್ಲಿ. ಹೊಸೂರಿನ ಕಾರ್ಖಾನೆಯಲ್ಲಿ ದುಡಿಯುತ್ತಾ, ವಾರಾಂತ್ಯದಲ್ಲಿ ಬಂಡೂರಿಗೆ ಬಂದು ತಮ್ಮ ಹೆಸರಿನ ಜಮೀನಿನಲ್ಲಿ ಬೇಸಾಯ ಮಾಡಿಸುವವರು ಬೆಳೆ ರಕ್ಷಣೆಯ ಉದ್ದೇಶಕ್ಕೆ ಪಹಣಿಯ ಆಧಾರದ ಮೇಲೆ ಮಂಡ್ಯದಲ್ಲಿ ಅರ್ಜಿ ಸಲ್ಲಿಸಬಹುದು. ಆದರೆ ಎರಡೂ ವಿಳಾಸಗಳನ್ನು ಅರ್ಜಿಯಲ್ಲಿ ಪ್ರಾಮಾಣಿಕವಾಗಿ ಬರೆಯಬೇಕು. ಊರಿನ ಪಡಿತರ ಚೀಟಿಯೊಂದನ್ನೇ ತೋರಿಸಿ ಹೊಸೂರಿನ ವಾಸವನ್ನು ಬಚ್ಚಿಡಬಾರದು. ಪೊಲೀಸ್ ವಿಚಾರಣೆಯಲ್ಲಿ ನೆರೆಹೊರೆಯವರು "ಅವರು ಇಲ್ಲಿ ಇರುವುದಿಲ್ಲ" ಎಂದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಮಾಹಿತಿ ಮರೆಮಾಚಿ ಪಡೆದ ಪರವಾನಗಿಯನ್ನು ನಂತರವೂ ರದ್ದುಪಡಿಸಲು 17ನೇ ಪ್ರಕರಣದಲ್ಲಿ ಅವಕಾಶವಿದೆ. ಇದರೊಂದಿಗೆ, ವಾರದಲ್ಲಿ ಐದು ದಿನ ತಾವಿಲ್ಲದಾಗ ಬಂದೂಕು ಎಲ್ಲಿರುತ್ತದೆ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿರಬೇಕು.

3. ವಾಸ ಮಳವಳ್ಳಿಯಲ್ಲಿ, ಜಮೀನು ಹೊರರಾಜ್ಯದಲ್ಲಿ. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ, ಕನ್ನಡ ಮಾತನಾಡುವ ಜನರು ಹೆಚ್ಚಾಗಿರುವ ತಾಳವಾಡಿ ಭಾಗದಲ್ಲಿ ನಮ್ಮ ಕಡೆಯವರಿಗೆ ನೆಂಟಸ್ತಿಕೆಯೂ ಜಮೀನೂ ಉಂಟು. ಅಲ್ಲಿಯ ಬೆಳೆ ಕಾಯಲು ಬಂದೂಕು ಬೇಕಾದರೆ ಜಮೀನು ಇರುವ ಈರೋಡು ಜಿಲ್ಲೆಯ ಆಡಳಿತವನ್ನು ಸಂಪರ್ಕಿಸಬೇಕು. ಮಂಡ್ಯದ ಬೆಳೆ ರಕ್ಷಣಾ ಪರವಾನಗಿ ಅಲ್ಲಿ ನಡೆಯದು. ಇದೇ ರೀತಿ, ಕೇರಳದಿಂದ ಬಂದು ಮೈಸೂರು ಸೀಮೆಯಲ್ಲಿ ಗುತ್ತಿಗೆ ಜಮೀನಿನಲ್ಲಿ ಶುಂಠಿ ಬೆಳೆಯುವವರು ತಮ್ಮ ಊರಿನ ಬಂದೂಕನ್ನು ಇಲ್ಲಿಗೆ ತರುವ ಮುನ್ನ ಅದರ ಪರವಾನಗಿಯ ವ್ಯಾಪ್ತಿಯನ್ನು ಪರೀಕ್ಷಿಸಿಕೊಳ್ಳಬೇಕು.

ಅಭಯಾರಣ್ಯದಿಂದ 10 ಕಿ.ಮೀ. ಒಳಗಿರುವವರಿಗೆ ವಿಶೇಷ ಸೂಚನೆ

ವನ್ಯಜೀವಿ ಕಾಯ್ದೆಯ 34ನೇ ಪ್ರಕರಣದ ಪ್ರಕಾರ, ಯಾವುದೇ ವನ್ಯಜೀವಿಧಾಮದ 10 ಕಿ.ಮೀ. ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿಯಿಲ್ಲದೆ ಹೊಸ ಆಯುಧ ಪರವಾನಗಿ ನೀಡುವಂತಿಲ್ಲ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮವು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಭಾಗವನ್ನು ಒಳಗೊಂಡಿದೆ. ಆದ್ದರಿಂದ ಅದರ ಸುತ್ತಲಿನ ಗ್ರಾಮಗಳ ರೈತರು ಅರ್ಜಿಗೆ ಮುನ್ನ ತಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಈ ಅಂತರವನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ. ಸತ್ಯಮಂಗಲದ ಕಾಡಿಗೆ ಹೊಂದಿಕೊಂಡ ತಾಳವಾಡಿ ಭಾಗದವರಿಗೂ ಇದೇ ಮಾತು ಅನ್ವಯಿಸುತ್ತದೆ.

ಅದೇ ಕಾಯ್ದೆಯ 31ನೇ ಪ್ರಕರಣದ ಪ್ರಕಾರ ಅನುಮತಿಯಿಲ್ಲದೆ ಆಯುಧ ಸಹಿತ ವನ್ಯಜೀವಿಧಾಮವನ್ನು ಪ್ರವೇಶಿಸುವುದು ನಿಷಿದ್ಧ. ಮಳವಳ್ಳಿಯಿಂದ ಕೊಳ್ಳೇಗಾಲ, ಹನೂರು, ಮಲೆ ಮಹದೇಶ್ವರ ಬೆಟ್ಟದ ಮೂಲಕ ಪಾಲಾರ್ ದಾಟಿ ಮೆಟ್ಟೂರಿಗೆ ಹೋಗುವ ದಾರಿಯೂ, ಚಾಮರಾಜನಗರದಿಂದ ಹಾಸನೂರು-ದಿಂಬಂ ಘಾಟಿಯ ಮೂಲಕ ಸತ್ಯಮಂಗಲಕ್ಕೆ ಇಳಿಯುವ ದಾರಿಯೂ ಸಂರಕ್ಷಿತ ಅರಣ್ಯದ ನಡುವೆ ಹಾಯುತ್ತವೆ. ಪರವಾನಗಿ ಜೇಬಿನಲ್ಲಿದೆ ಎಂಬ ಧೈರ್ಯದಿಂದ ಕಾರಿನಲ್ಲಿ ಬಂದೂಕಿಟ್ಟುಕೊಂಡು ಈ ದಾರಿಗಳಲ್ಲಿ ಸಾಗಬಾರದು.

ಅರ್ಜಿ ಸಲ್ಲಿಸುವ ಕ್ರಮ

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ವೈಯಕ್ತಿಕ ಪರವಾನಗಿಗೆ ಅರ್ಜಿ ನಮೂನೆ ಎ-1. ಕೇಂದ್ರ ಗೃಹ ಸಚಿವಾಲಯದ ಎನ್‌ಡಿಎಎಲ್-ಎಎಲ್‌ಐಎಸ್ ಜಾಲತಾಣದ ಮೂಲಕ ಅರ್ಜಿಯನ್ನು ಭರ್ತಿ ಮಾಡಬಹುದು. ಅರ್ಜಿಯೊಂದಿಗೆ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು:

• ಗುರುತು, ಜನ್ಮದಿನಾಂಕ ಹಾಗೂ ವಾಸಸ್ಥಳದ ದಾಖಲೆಗಳು. ಎರಡು ವಾಸಸ್ಥಳಗಳಿದ್ದರೆ ಎರಡರದ್ದೂ
• ಇತ್ತೀಚಿನ ಭಾವಚಿತ್ರಗಳು
• ದೈಹಿಕ ಮತ್ತು ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ
• ಆಯುಧವನ್ನು ಸುರಕ್ಷಿತವಾಗಿ ಇರಿಸುವ ಬಗ್ಗೆ ಮುಚ್ಚಳಿಕೆ
• ಆಯುಧ ಬಳಕೆಯ ಸುರಕ್ಷತಾ ತರಬೇತಿ ಪ್ರಮಾಣಪತ್ರ
• ಬೆಳೆ ರಕ್ಷಣೆಯ ಉದ್ದೇಶವಿದ್ದಲ್ಲಿ ಚಾಲ್ತಿ ಪಹಣಿ, ಬೆಳೆ ವಿವರ ಮತ್ತು ಹಿಂದೆ ಆದ ಹಾನಿಯ ದಾಖಲೆ

ಕೊನೆಯ ಅಂಶವನ್ನು ಅನೇಕರು ಕಡೆಗಣಿಸುತ್ತಾರೆ. ಹಿಂದಿನ ಹಂಗಾಮುಗಳಲ್ಲಿ ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಸಲ್ಲಿಸಿದ ಅರ್ಜಿ, ಸ್ಥಳ ಪರಿಶೀಲನೆಯ ವರದಿ, ಕುರಿ ಸತ್ತಾಗ ಪಶುವೈದ್ಯರು ನೀಡಿದ ಪ್ರಮಾಣಪತ್ರ ಮೊದಲಾದವು ನಿಮ್ಮ ಅಗತ್ಯ ನೈಜವೆಂಬುದನ್ನು ತೋರಿಸುತ್ತವೆ. ಬಾಯಿಮಾತಿನ ದೂರಿಗಿಂತ ಇವುಗಳ ತೂಕ ಹೆಚ್ಚು.

ಅರ್ಜಿ ತಲುಪಿದ ಮೇಲೆ ಪ್ರಾಧಿಕಾರವು ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಳ್ಳುತ್ತದೆ. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿಯನ್ನು ನಿರಾಕರಿಸುವಂತಿಲ್ಲ ಎಂದು 14ನೇ ಪ್ರಕರಣ ಹೇಳುತ್ತದೆ. ಎರಡೆಕರೆ ಜಮೀನಿನ ರೈತರೂ ಅರ್ಜಿ ಹಾಕಲು ಹಿಂಜರಿಯಬೇಕಿಲ್ಲ. ನಿರಾಕರಿಸಿದಲ್ಲಿ ಪ್ರಾಧಿಕಾರವು ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಸಾರ್ವಜನಿಕ ಹಿತಾಸಕ್ತಿಗೆ ಬಾಧಕವಲ್ಲದಿದ್ದರೆ ನೀವು ಕೇಳಿದಾಗ ಅದನ್ನು ನೀಡಬೇಕು. 18ನೇ ಪ್ರಕರಣದಡಿ ಮೇಲ್ಮನವಿಗೆ ಅವಕಾಶವಿದೆ. ಅದಕ್ಕೆ ಕಾಲಮಿತಿ ಇರುವುದರಿಂದ ಆದೇಶ ಕೈಸೇರಿದೊಡನೆ ಕ್ರಮ ಕೈಗೊಳ್ಳಬೇಕು.

ಖರೀದಿ: ಪರವಾನಗಿ ಮೊದಲು, ಮುಂಗಡ ಆಮೇಲೆ

ಪರವಾನಗಿ ಕೈಗೆ ಬರುವ ಮುನ್ನ ಯಾರಿಗೂ ಮುಂಗಡ ಹಣ ಕೊಡಬೇಡಿ. ಪರವಾನಗಿಯಲ್ಲಿ ಬಂದೂಕಿನ ಬಗೆ, ತೋಟಾಗಳ ಸಂಖ್ಯೆ, ಖರೀದಿಸಬೇಕಾದ ಅವಧಿ ಹಾಗೂ ಊರ್ಜಿತವಾಗಿರುವ ಪ್ರದೇಶ ನಮೂದಾಗಿರುತ್ತವೆ. ಅಧಿಕೃತ ಆಯುಧ ವ್ಯಾಪಾರಿಗಳಿಂದ ಮಾತ್ರ, ಆ ಅವಧಿಯೊಳಗೆ, ನಮೂದಾದ ಬಗೆಯ ಬಂದೂಕನ್ನೇ ಕೊಳ್ಳಬೇಕು. ಬಂದೂಕಿನ ಕ್ರಮಸಂಖ್ಯೆಯನ್ನು ಪರವಾನಗಿಯಲ್ಲಿ ದಾಖಲಿಸಿಕೊಂಡು, ರಸೀದಿಯನ್ನು ಕಾಪಾಡಿಕೊಳ್ಳಬೇಕು.

ಹೊರರಾಜ್ಯದಲ್ಲಿ ಕೊಳ್ಳುವ ಆಲೋಚನೆಯಿದ್ದರೆ ಇನ್ನಷ್ಟು ಎಚ್ಚರ ಬೇಕು. ಅಂಗಡಿಯಿಂದ ಮನೆಗೆ ತರುವ ದಾರಿಯಲ್ಲಿಯೂ ಬಂದೂಕು ನಿಮ್ಮ ಸ್ವಾಧೀನದಲ್ಲಿರುತ್ತದೆ. ನಿಮ್ಮ ಪರವಾನಗಿಯ ವ್ಯಾಪ್ತಿ ಮಂಡ್ಯ ಜಿಲ್ಲೆಗೋ ಕರ್ನಾಟಕಕ್ಕೋ ಸೀಮಿತವಾಗಿದ್ದರೆ, ಕೊಯಮತ್ತೂರಿನಲ್ಲಿ ಕೊಂಡ ಬಂದೂಕು ಗಡಿಯ ಆಚೆ ಪರವಾನಗಿಯಿಲ್ಲದ ಬಂದೂಕೇ ಆಗುತ್ತದೆ. ಒಂದೋ ವ್ಯಾಪ್ತಿಯೊಳಗೆ ಕೊಳ್ಳಿರಿ, ಇಲ್ಲವೇ ಮೊದಲೇ ಪ್ರಾಧಿಕಾರದಿಂದ ಲಿಖಿತ ಅನುಮತಿ ಪಡೆಯಿರಿ.

ನೆಂಟರಿಂದಲೋ ಗೆಳೆಯರಿಂದಲೋ ಹಳೆಯ ಬಂದೂಕು ಕೊಳ್ಳುವುದಾದರೆ, ಮಾರುವವರು ತಮ್ಮ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಸಮೀಪದ ಠಾಣೆಗೆ ಲಿಖಿತ ಮಾಹಿತಿ ನೀಡಬೇಕು ಮತ್ತು ಅನಂತರ 45 ದಿನಗಳು ಕಳೆದಿರಬೇಕು. ಕೊಳ್ಳುವವರ ಬಳಿ ಆ ಬಗೆಯ ಬಂದೂಕಿಗೆ ಪರವಾನಗಿ ಇರಲೇಬೇಕು. "ನಮ್ಮವರೇ ತಾನೇ" ಎಂಬ ಸಲಿಗೆಯ ಕೊಡುಕೊಳ್ಳುವಿಕೆ ಇಬ್ಬರನ್ನೂ ತಪ್ಪಿತಸ್ಥರನ್ನಾಗಿಸುತ್ತದೆ.

30 ದಿನಗಳ ನಿಯಮ

ಪರವಾನಗಿದಾರರು ಶಾಶ್ವತವಾಗಿ, ಅಥವಾ ತಾತ್ಕಾಲಿಕವಾಗಿಯಾದರೂ 30 ದಿನಗಳಿಗಿಂತ ಹೆಚ್ಚು ಕಾಲ, ವಾಸಸ್ಥಳ ಬದಲಿಸಿ ಬಂದೂಕನ್ನೂ ಜೊತೆಗೆ ಒಯ್ದಲ್ಲಿ, ಬದಲಾವಣೆಯಾದ 30 ದಿನಗಳೊಳಗೆ ಹೊಸ ಸ್ಥಳದ ಪ್ರಾಧಿಕಾರಕ್ಕೂ ಪರವಾನಗಿ ನೀಡಿದ ಪ್ರಾಧಿಕಾರಕ್ಕೂ ತಿಳಿಸಬೇಕು. ಕೇಳಿದಾಗ ಪರವಾನಗಿ ಹಾಗೂ ಬಂದೂಕನ್ನು ಹಾಜರುಪಡಿಸಬೇಕು. ಶಾಶ್ವತವಾಗಿ ಸ್ಥಳ ಬದಲಿಸಿದವರ ಮುಂದಿನ ನವೀಕರಣವೂ ಹೊಸ ಸ್ಥಳದಲ್ಲಿಯೇ ಆಗಬೇಕು.

ಈ ನಿಯಮವನ್ನು "30 ದಿನಗಳವರೆಗೆ ಎಲ್ಲಿಗೆ ಬೇಕಾದರೂ ಒಯ್ಯಬಹುದು" ಎಂದು ಅರ್ಥೈಸಬಾರದು. ಒಂದೇ ದಿನಕ್ಕಾದರೂ ಬಂದೂಕು ಪರವಾನಗಿಯ ವ್ಯಾಪ್ತಿಯಿಂದ ಹೊರಗೆ ಹೋಗುವಂತಿಲ್ಲ. ವಾರಕ್ಕೊಮ್ಮೆ ಊರಿಗೂ ಹೊಸೂರಿಗೂ ಓಡಾಡುವವರು ಬಂದೂಕನ್ನು ಚೀಲದಂತೆ ಹೊತ್ತು ತಿರುಗದೆ, ಅದನ್ನು ಪರವಾನಗಿಯ ಸ್ಥಳದಲ್ಲಿಯೇ ಬಿಡುವುದು ಸರಿಯಾದ ಮಾರ್ಗ.

ನೀವು ಊರಿನಲ್ಲಿಲ್ಲದಾಗ ಬಂದೂಕು ಯಾರ ಕೈಯಲ್ಲಿ?

ಅರೆಕಾಲಿಕ ವಾಸಿಗಳು ಅತಿ ಹೆಚ್ಚು ಯೋಚಿಸಬೇಕಾದ ವಿಷಯವಿದು. ನೀವು ಹೊಸೂರಿನಲ್ಲಿರುವಾಗ ನಿಮ್ಮ ತಮ್ಮನೋ ಕಾವಲುಗಾರನೋ ಆ ಬಂದೂಕು ಹಿಡಿದು ಕಬ್ಬಿನ ಗದ್ದೆ ಕಾಯುವುದು ಅಪರಾಧ. ಕಾವಲು ಕಾಯುವವರ ಹೆಸರು ಪರವಾನಗಿಯಲ್ಲಿ ನಮೂದಾಗಿರಬೇಕು, ಇಲ್ಲವೇ ಅವರಿಗೇ ಪ್ರತ್ಯೇಕ ಪರವಾನಗಿ ಇರಬೇಕು. ರಿಪೇರಿಗೆ ಅಥವಾ ಪರವಾನಗಿ ನವೀಕರಣಕ್ಕೆ ಬಂದೂಕನ್ನು ಒಯ್ಯಲು ಮಾತ್ರ, ನಿಮ್ಮ ಲಿಖಿತ ಅಧಿಕಾರಪತ್ರದೊಂದಿಗೆ ಬೇರೊಬ್ಬರಿಗೆ 3ನೇ ಪ್ರಕರಣ ಅವಕಾಶ ನೀಡುತ್ತದೆ.

ಪರವಾನಗಿಯಿಲ್ಲದೆ ಬಂದೂಕು ಹೊಂದಿದವರಿಗೆ 2019ರ ತಿದ್ದುಪಡಿಯಂತೆ 2ರಿಂದ 5 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಹಳ್ಳಿಯಲ್ಲಿ ಹೊಲ ಕಾಯುತ್ತಿದ್ದ ಬಡ ಕಾವಲುಗಾರನೊಬ್ಬ, ಒಡೆಯ ಕೊಟ್ಟ ಬಂದೂಕಿನಿಂದಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವಂತಾಗಬಾರದು. ಆ ಹೊಣೆ ಪರವಾನಗಿದಾರರದ್ದು.

ಆದ್ದರಿಂದ:

• ಊರು ಬಿಡುವಾಗ ಬಂದೂಕನ್ನು ಬರಿದು ಮಾಡಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ತೋಟಾಗಳನ್ನು ಬೇರೆಡೆ ಬೀಗದಲ್ಲಿಡಿ. ಬೀಗದ ಕೈ ನಿಮ್ಮ ಬಳಿಯೇ ಇರಲಿ.
• ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅಥವಾ ಹೆಚ್ಚು ದಿನ ಹೊರಗಿರುವುದಾದರೆ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಸುಪರ್ದಿಗೆ ಕೊಟ್ಟು ರಸೀದಿ ಪಡೆಯಿರಿ.
• ಬಂದೂಕು ಕಳುವಾದರೆ ಅಥವಾ ಕಳೆದುಹೋದರೆ ತಡಮಾಡದೆ ಸಮೀಪದ ಠಾಣೆಗೆ ತಿಳಿಸಿ.
• ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಹಾಗೂ ಶಿಕ್ಷಣ ಸಂಸ್ಥೆಗಳ ಆವರಣಕ್ಕೆ ಬಂದೂಕು ಒಯ್ಯಬಾರದು. ಮದುವೆ, ಹಬ್ಬಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಅಪಾಯ ತಂದರೆ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.
• ಚುನಾವಣೆಯ ಸಮಯದಲ್ಲಿ ಬಂದೂಕನ್ನು ಠೇವಣಿ ಇಡುವಂತೆ ಆದೇಶ ಬಂದರೆ ನೀವು ಹೊರರಾಜ್ಯದಲ್ಲಿದ್ದರೂ ಅದು ಅನ್ವಯಿಸುತ್ತದೆ. ಠಾಣೆಯಲ್ಲಿ ನಿಮ್ಮ ಚಾಲ್ತಿ ದೂರವಾಣಿ ಸಂಖ್ಯೆ ಇರುವಂತೆ ನೋಡಿಕೊಳ್ಳಿ.

ತಂದೆಯ ಬಂದೂಕು, ಹೊರರಾಜ್ಯದ ಮಗ

ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಒಂಟಿ ನಳಿಗೆ ಬಂದೂಕು ಇರುವುದುಂಟು. ಪರವಾನಗಿದಾರರು ತೀರಿಕೊಂಡೊಡನೆ ಅವರ ಪರವಾನಗಿಯ ಬಲದಿಂದ ಬೇರೆ ಯಾರೂ ಆ ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ. ಅನಗತ್ಯ ವಿಳಂಬವಿಲ್ಲದೆ ಅದನ್ನು ಸಮೀಪದ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಠೇವಣಿ ಇಡಬೇಕೆಂದು 21ನೇ ಪ್ರಕರಣ ವಿಧಿಸುತ್ತದೆ. ತಿಥಿ ಮುಗಿಯಲಿ, ಪಾಲು ಆಗಲಿ ಎಂದು ವರ್ಷಗಟ್ಟಲೆ ಅಟ್ಟದ ಮೇಲಿಟ್ಟ ಬಂದೂಕು ಒಂದು ದಿನ ಇಡೀ ಮನೆಗೆ ಕಂಟಕವಾಗುತ್ತದೆ.

ಠೇವಣಿಯ ನಂತರ ವಾರಸುದಾರರಲ್ಲಿ ಒಬ್ಬರು, ಉಳಿದವರ ಒಪ್ಪಿಗೆ ಪತ್ರದೊಂದಿಗೆ, ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. ಪರವಾನಗಿದಾರರು ಬದುಕಿರುವಾಗಲೇ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕನ್ನು 25 ವರ್ಷ ಹೊಂದಿದ್ದರೆ, ತಾವು ಸೂಚಿಸುವ ವಾರಸುದಾರರಿಗೆ ಅದು ಸಲ್ಲುವಂತೆ ಕೋರಲು 2016ರ ನಿಯಮಗಳಲ್ಲಿ ಅವಕಾಶವಿದೆ. ಆದರೆ ವಾರಸುದಾರರು ಸ್ವತಃ ಅರ್ಹರಾಗಿರಬೇಕು.

ಇಲ್ಲಿ ಕುಟುಂಬ ಒಂದು ನಿರ್ಧಾರಕ್ಕೆ ಬರಬೇಕಾಗುತ್ತದೆ. ಬಂದೂಕು ಬೇಕಾಗಿರುವುದು ಬಂಡೂರಿನ ಹೊಲಕ್ಕೆ. ಮಗ ಇರುವುದು ಹೊಸೂರಿನಲ್ಲಿ. ಆತನ ಹೆಸರಿಗೆ ಪರವಾನಗಿಯಾದರೆ ಬಂದೂಕು ವಾರವಿಡೀ ಪೆಟ್ಟಿಗೆಯಲ್ಲಿಯೇ ಇರಬೇಕು. ಊರಿನಲ್ಲಿಯೇ ಇದ್ದು ಬೇಸಾಯ ಮಾಡುವ ಅರ್ಹ ಮಗಳು, ತಮ್ಮ ಅಥವಾ ಸೊಸೆಯ ಹೆಸರಿಗೆ ಕೋರುವುದು ಹೆಚ್ಚು ಸೂಕ್ತ. ಯಾರಿಗೂ ಬೇಡವಾದರೆ ಅಧಿಕೃತ ವ್ಯಾಪಾರಿಗೆ ಮಾರಿ ದಾಖಲೆ ಪಡೆದುಕೊಳ್ಳಬಹುದು. ಹಿರಿಯರ ನೆನಪು ಬಂದೂಕಿನಲ್ಲಿಯೇ ಉಳಿಯಬೇಕೆಂದಿಲ್ಲ.

ಬಂದೂಕು ಇದ್ದರೂ ಗುಂಡು ಹಾರಿಸಬಹುದೇ?

ಚಿರತೆ, ಆನೆ ಮತ್ತು ನವಿಲು ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಬೆಳೆಗೋ ಕುರಿಗೋ ಹಾನಿ ಮಾಡಿದವೆಂದು ಇವುಗಳನ್ನು ಕೊಲ್ಲುವಂತಿಲ್ಲ. ಇವುಗಳನ್ನು ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸ ಹಾಗೂ ಕನಿಷ್ಠ 25,000 ರೂಪಾಯಿ ದಂಡವಿದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯಕಾರಿಯಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ನೀಡಿದ ಅಧಿಕಾರಿ ಲಿಖಿತ ಆದೇಶದ ಮೂಲಕ ಮಾತ್ರ ಅದನ್ನು ಬೇಟೆಯಾಡಲು ಅನುಮತಿಸಬಹುದು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಳ್ಳುವುದು ಇನ್ನೊಂದು ಅಪರಾಧ. ಶಿಕ್ಷೆಯಾದಲ್ಲಿ ಬಳಸಿದ ಬಂದೂಕಿನ ಪರವಾನಗಿಯನ್ನು ರದ್ದುಪಡಿಸುವಂತೆ ನ್ಯಾಯಾಲಯ ಆದೇಶಿಸಬಹುದು. ಅಂಥವರಿಗೆ 5 ವರ್ಷ ಹೊಸ ಪರವಾನಗಿಯೂ ಸಿಗದು.

ತನ್ನ ಅಥವಾ ಇನ್ನೊಬ್ಬರ ಜೀವರಕ್ಷಣೆಗಾಗಿ ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ. ಆದರೆ ಆ ಸಮಯದಲ್ಲಿ ವನ್ಯಜೀವಿ ಕಾಯ್ದೆಯನ್ನು ಉಲ್ಲಂಘಿಸುತ್ತಿದ್ದವರಿಗೆ ಈ ರಕ್ಷಣೆಯಿಲ್ಲ. ಕುರಿ, ಮೇಕೆಗಳ ರಕ್ಷಣೆಗೂ ಈ ವಿನಾಯಿತಿ ವಿಸ್ತರಿಸುವುದಿಲ್ಲ.

ಒಂದು ರಾಜ್ಯದ ವ್ಯವಸ್ಥೆ ಇನ್ನೊಂದಕ್ಕೆ ಅನ್ವಯಿಸದು ಎಂಬುದಕ್ಕೆ ಎರಡು ನಿದರ್ಶನಗಳನ್ನು ಗಮನಿಸಿ. ಕೇರಳದಲ್ಲಿ 2022ರಿಂದ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕಾಡುಹಂದಿ ಕೊಲ್ಲಲು ಷರತ್ತುಬದ್ಧ ಆದೇಶ ನೀಡುವ ಅಧಿಕಾರ ದೊರೆತಿದೆ. ಕಾಸರಗೋಡಿನ ಕನ್ನಡಿಗ ರೈತರಿಗೆ ಅನ್ವಯಿಸುವ ಆ ವ್ಯವಸ್ಥೆ ಮಂಡ್ಯದ ಗ್ರಾಮ ಪಂಚಾಯಿತಿಗಳಿಗೆ ಅನ್ವಯಿಸದು. ಹಾಗೆಯೇ ಕೊಡವ ಸಮುದಾಯ ಹಾಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷಗಳಿಗೆ ಮುಂದುವರಿಸಿದೆ. ಅದು ಆ ವರ್ಗಗಳಿಗಷ್ಟೇ ಸೇರಿದ್ದು. ಕೊಡಗಿನ ಗೆಳೆಯರ ಕೋವಿಯನ್ನು ಎರವಲು ತಂದು ಮಳವಳ್ಳಿಯಲ್ಲಿ ಇಟ್ಟುಕೊಂಡರೆ ವಿನಾಯಿತಿ ಜೊತೆಗೆ ಬರುವುದಿಲ್ಲ.

ಬಂದೂಕಿಗಿಂತ ಮೊದಲು ಮಾಡಬೇಕಾದುದು

2022ರ ಕೊನೆ ಮತ್ತು 2023ರ ಆರಂಭದಲ್ಲಿ ನೆರೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನರು ಬಲಿಯಾದುದನ್ನು ನಾವು ಮರೆತಿಲ್ಲ. ರೈತರ ಭಯ ನಿಜವಾದುದು. ಆದರೆ ಚಿರತೆಯ ವಿಷಯದಲ್ಲಿ ಬಂದೂಕು ಕುರಿಯನ್ನು ಉಳಿಸುವುದಿಲ್ಲ. ಗಟ್ಟಿಯಾದ ಹಟ್ಟಿ ಉಳಿಸುತ್ತದೆ. ಬಂಡೂರು ಕುರಿಗಳನ್ನು ರಾತ್ರಿ ವೇಳೆ ಬಯಲಿನಲ್ಲಿ ಕಟ್ಟದೆ, ಮೇಲ್ಭಾಗವೂ ಮುಚ್ಚಿದ ತಂತಿಜಾಲರಿಯ ಹಟ್ಟಿಯಲ್ಲಿ ಕೂಡಿಹಾಕಿ. ಬಾಗಿಲಿಗೆ ಅಗುಳಿ ಹಾಕಿ. ಹಟ್ಟಿಯ ಸುತ್ತ ಪೊದೆ, ಕಬ್ಬಿನ ಸೋಗೆಯ ರಾಶಿ ಇರದಂತೆ ನೋಡಿಕೊಳ್ಳಿ. ದೀಪದ ವ್ಯವಸ್ಥೆ ಮಾಡಿ. ಸತ್ತ ಕುರಿಗಳನ್ನು ಬಯಲಿನಲ್ಲಿ ಎಸೆಯದೆ ಆಳವಾಗಿ ಹೂಳಿರಿ. ನೀವು ಊರಿನಲ್ಲಿಲ್ಲದ ದಿನಗಳಲ್ಲಿಯೂ ಇವು ಕೆಲಸ ಮಾಡುತ್ತವೆ. ಪೆಟ್ಟಿಗೆಯಲ್ಲಿರುವ ಬಂದೂಕು ಮಾಡುವುದಿಲ್ಲ.

ಹಂದಿ ಕಾಟಕ್ಕೆ ಪ್ರಮಾಣಿತ ಸೌರಬೇಲಿ, ಅಕ್ಕಪಕ್ಕದ ರೈತರು ಸೇರಿ ಮಾಡುವ ಸರದಿ ಕಾವಲು ಉಪಯುಕ್ತ. ಬೇಲಿಗೆ ನೇರ ವಿದ್ಯುತ್ ಹರಿಸುವುದು, ಉರುಳು ಒಡ್ಡುವುದು, ಸಿಡಿಮದ್ದಿನ ಉಂಡೆ ಇಡುವುದು, ನಾಡಬಂದೂಕು ಬಳಸುವುದು ಅಪರಾಧಗಳು. ಇವುಗಳಿಗೆ ಮನುಷ್ಯರೂ ದನಕರುಗಳೂ ಬಲಿಯಾಗುತ್ತಾರೆ. ಚಿರತೆ ಅಥವಾ ಆನೆ ಕಂಡಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕುರಿ ಸತ್ತಲ್ಲಿ ದೇಹವನ್ನು ಕದಲಿಸದೆ ಛಾಯಾಚಿತ್ರ ತೆಗೆದು, ಅರಣ್ಯ ಸಿಬ್ಬಂದಿ ಹಾಗೂ ಪಶುವೈದ್ಯರಿಗೆ ತಿಳಿಸಿ, ಪರಿಶೀಲನೆ ಮುಗಿದ ಮೇಲೆ ಹೂಳಿ, ಪರಿಹಾರಕ್ಕೆ ಅರ್ಜಿ ಸಲ್ಲಿಸಿ.

ವಿಸ್ತರಣಾ ಕಾರ್ಯಕರ್ತರಿಗೆ

ಬಂದೂಕು ಪರವಾನಗಿಯ ಬಗ್ಗೆ ವಿಚಾರಿಸುವ ರೈತರಿಗೆ ಈ ಐದು ಪ್ರಶ್ನೆಗಳನ್ನು ಕೇಳಿ:

1. ವರ್ಷದಲ್ಲಿ ಎಷ್ಟು ದಿನ ಊರಿನಲ್ಲಿರುತ್ತೀರಿ?
2. ಜಮೀನು ಯಾರ ಹೆಸರಿನಲ್ಲಿದೆ, ಯಾವ ಜಿಲ್ಲೆಯಲ್ಲಿದೆ?
3. ಹೊಲ ವನ್ಯಜೀವಿಧಾಮದಿಂದ 10 ಕಿ.ಮೀ. ಒಳಗಿದೆಯೇ?
4. ಹಾನಿ ಮಾಡುತ್ತಿರುವ ಪ್ರಾಣಿ ಯಾವುದು? ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ?
5. ನೀವಿಲ್ಲದಾಗ ಬಂದೂಕು ಎಲ್ಲಿರುತ್ತದೆ?

ನಾಲ್ಕನೆಯ ಪ್ರಶ್ನೆಗೆ ಉತ್ತರ ಚಿರತೆ ಅಥವಾ ಆನೆ ಎಂದಾದರೆ ಬಂದೂಕಿನ ಬದಲು ಹಟ್ಟಿಯ ಭದ್ರತೆ ಹಾಗೂ ಅರಣ್ಯ ಇಲಾಖೆಯ ನೆರವಿನತ್ತ ಅವರ ಗಮನ ಸೆಳೆಯಿರಿ. ಐದನೆಯ ಪ್ರಶ್ನೆಗೆ ಸ್ಪಷ್ಟ ಉತ್ತರವಿಲ್ಲದಿದ್ದರೆ, ಊರಿನಲ್ಲಿಯೇ ಇರುವ ಕುಟುಂಬದ ಬೇರೊಬ್ಬ ಸದಸ್ಯರು ಅರ್ಜಿ ಹಾಕುವಂತೆ ಸಲಹೆ ನೀಡಿರಿ.

ನೆನಪಿಡಬೇಕಾದ ಅಂಶಗಳು

ಪರವಾನಗಿಯ ಅವಧಿ ಈಗ 5 ವರ್ಷ. ಅದು ಮುಗಿಯುವ ಎರಡು-ಮೂರು ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ; ಹೊರರಾಜ್ಯದಲ್ಲಿರುವವರು ದಿನಾಂಕವನ್ನು ಎರಡೂ ಮನೆಗಳ ಕ್ಯಾಲೆಂಡರಿನಲ್ಲಿ ಗುರುತಿಸಿಡಿ. ವಿಳಾಸ ಬದಲಾದರೆ ತಿಳಿಸಿ. ವ್ಯಾಪ್ತಿಯ ಹೊರಗೆ ಒಯ್ಯಬೇಡಿ. ಬೇರೆಯವರ ಕೈಗೆ ಕೊಡಬೇಡಿ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಅರ್ಜಿಗೆ ಮುನ್ನ ಜಿಲ್ಲಾಧಿಕಾರಿಗಳ ಕಚೇರಿಯ ಆಯುಧ ಪರವಾನಗಿ ಶಾಖೆಯಲ್ಲಿ ಚಾಲ್ತಿ ನಿಯಮಗಳನ್ನೂ ಶುಲ್ಕವನ್ನೂ ಖಚಿತಪಡಿಸಿಕೊಳ್ಳಿ. ಬೆಳೆ ಹಾನಿ ತಡೆ ಮತ್ತು ಕುರಿಹಟ್ಟಿ ನಿರ್ಮಾಣದ ಬಗ್ಗೆ ಸಮೀಪದ ರೈತ ಸಂಪರ್ಕ ಕೇಂದ್ರ, ಪಶು ಆಸ್ಪತ್ರೆ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.